ಕಂದು ಹೊಗೆ

ನಮ್ಮ ಪೆಕಲೊಂಗಾನ್‌ನಲ್ಲಿ ಬಾತಿಕ್ ಬಟ್ಟೆಗೆ ಬಣ್ಣ ಹಾಕುವವರು ನಂಬಿದ ಔಷಧ ಒಂದೇ, ಎಳನೀರು. ಕೈ ಸುಟ್ಟರೂ ಅದೇ, ತಲೆ ಸುತ್ತಿದರೂ ಅದೇ. ಎಂಥ ವಿಷವನ್ನಾದರೂ ತೊಳೆದುಬಿಡುತ್ತದಂತೆ. ಬಟ್ಟೆಯ ಮೇಲೆ ಮೇಣ ಬರೆಯುವ ನಾನೂ ಎಷ್ಟೋ ಸಲ ಕುಡಿದಿದ್ದೇನೆ. ಹೊಟ್ಟೆ ತಂಪಾಗುತ್ತದೆ, ಅಷ್ಟೇ.

ಅವತ್ತು ಮಳೆಯ ಇರಚಲು ಹೊಡೆಯುತ್ತಿತ್ತೆಂದು ನಮ್ಮ ಬಣ್ಣಗಾರ ಕಸ್ತೋಲನ್ ಬಣ್ಣದ ಕೊಟ್ಟಿಗೆಯ ಬಾಗಿಲು ಹಾಕಿಕೊಂಡ. ಬಣ್ಣ ಏಳಿಸುವ ಪುಡಿಯ ಮೇಲೆ ಆಸಿಡ್ಡನ್ನು ನೀರು ಬೆರೆಸದೆ ಸುರಿದ. ಪಳಗಿದ ಕೈ, ಅಳತೆ ಯಾರಿಗೆ ಬೇಕು! ಕಂದು ಹೊಗೆ ಭುಗ್ಗೆಂದಿತು. ಕೆಮ್ಮುತ್ತ ಹೊರಬಿದ್ದವನು ಸ್ವಲ್ಪ ಹೊತ್ತಿಗೆ ಸುಧಾರಿಸಿಕೊಂಡು ನಕ್ಕ.

ಅವನ ಹೆಂಡತಿ ವಾರ್ಸಿತಿ ನಗಲಿಲ್ಲ. ಹಿಂದೊಮ್ಮೆ ನರ್ಸೊಬ್ಬಳು ಬಂದು, ಆ ಹೊಗೆ ಕುಡಿದವರು ಚೆನ್ನಾಗಿದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು, ಶ್ವಾಸಕೋಶದಲ್ಲಿ ನೀರು ತುಂಬುವುದು ಆಮೇಲೆ ಎಂದಿದ್ದಳು. ಆ ಸಭೆಗೆ ನಾವೆಲ್ಲ ಅಲ್ಲಿ ಕೊಡುವ ತಿಂಡಿಗಾಗಿ ಹೋಗಿದ್ದೆವು, ಕಿವಿಗೊಟ್ಟವಳು ಇವಳೊಬ್ಬಳೇ. ಓಡಿಹೋಗಿ ರಿಕ್ಷಾ ಕರೆತಂದಳು. ಅಷ್ಟರಲ್ಲಿ ಅವಳ ಅತ್ತೆ ತಾರ್ಸಿಹ್ ಎಳನೀರು ಕೆತ್ತಿ ಮಗನ ಬಾಯಿಗೆ ಹಿಡಿದಿದ್ದಳು.

“ನಡೀರಿ, ಆಸ್ಪತ್ರೆಗೆ ಹೋಗಣ,” ಎಂದಳು ವಾರ್ಸಿತಿ.

“ಅಲ್ಲೇನ್ ಕೊಡ್ತಾರೆ, ಸೂಜಿ ಚುಚ್ತಾರೆ ಅಷ್ಟೇ. ಇವ್ನಪ್ಪ ಆಯುಸ್ಸೆಲ್ಲ ಈ ಬಣ್ಣದಲ್ಲೇ ಇದ್ರು, ನಾ ಕೊಟ್ಟ ಎಳನೀರು ಕುಡ್ಕೊಂಡೇ ಇದ್ರು,” ಎಂದಳು ಅತ್ತೆ.

ಗುಂಡುಕಲ್ಲಿನ ಹಾಗಿದ್ದೇನೆ ಎಂದು ಕಸ್ತೋಲನ್ ಹೆಂಡತಿಯನ್ನು ರೇಗಿಸಿದ. ಅತ್ತೆಯ ಮಾತು ಮೀರುವ ಸೊಸೆ ನಮ್ಮಲ್ಲಿಲ್ಲ. ರಿಕ್ಷಾ ಖಾಲಿ ಹೋಯಿತು.

ಸಂಜೆಗೆ ಅವನ ತುಟಿ ನೀಲಿಯಾಯಿತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಕೊನೆಗೆ ಆಸ್ಪತ್ರೆಗೆ ಒಯ್ದಾಗ ನಾನೂ ಜೊತೆಗಿದ್ದೆ. ಮೊದಲೇ ತಂದಿದ್ದರೆ ಉಳಿಸಬಹುದಿತ್ತು ಎಂದು ಡಾಕ್ಟರು ವಾರ್ಸಿತಿಗೂ ನನಗೂ ಹೇಳಿದರು. ಬೆಳಗಾಗುವುದರೊಳಗೆ ಹೋಗಿಬಿಟ್ಟ.

ಮಣ್ಣು ಮಾಡಿ ಬಂದಮೇಲೆ ತಾರ್ಸಿಹ್ ಸೊಸೆಯ ಕೈ ಹಿಡಿದು ಕೇಳಿದಳು: “ನೀ ಹೇಳ್ದಾಗ್ಲೇ ಕಳ್ಸಿದ್ರೆ ನನ್ ಮಗ ಉಳೀತಿದ್ನೇನೇ?”

ಮುದುಕಿಯ ಮೇಲೆ ನನಗೆ ಕೆಂಡದಂಥ ಸಿಟ್ಟಿತ್ತು. ಹೇಳಿಬಿಡೇ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

“ಇಲ್ಲಮ್ಮ. ಆಗ್ಲೇ ಬಂದಿದ್ರೂ ಏನೂ ಮಾಡಕ್ಕಾಗ್ತಿರ್ಲಿಲ್ಲ ಅಂದ್ರು ಡಾಕ್ಟ್ರು.”

ಮುದುಕಿ ಅವಳ ಮಡಿಲಿಗೆ ಬಿದ್ದು ಅತ್ತಳು. ನನ್ನ ಸಿಟ್ಟೂ ಅಲ್ಲೇ ಕರಗಿತು.

ಆಮೇಲೆ ವಾರ್ಸಿತಿ ಮೈದುನನನ್ನು ಹಿತ್ತಲಿಗೆ ಕರೆದಳು. ಅಣ್ಣನ ಕೆಲಸಕ್ಕೆ ಇನ್ನು ಅವನೇ ಹೋಗಬೇಕಾಗಿತ್ತು. ನಡೆದದ್ದನ್ನು ಒಂದೂ ಬಿಡದೆ ಹೇಳಿದಳು.

“ಅಮ್ಮಂಗೆ ತಿಳೀಬಾರ್ದು ಕಣಪ್ಪ. ಆದ್ರೆ ನೀನೇನಾದ್ರೂ ಅಲ್ಲಿ ಕೆಮ್ಮಿದ್ರೆ, ನಾನಿನ್ನು ಯಾರ ಮಾತೂ ಕೇಳಲ್ಲ.”