ಒಲೆಯ ಮುಂದಿನ ಹುಡುಗಿ

ಹಿಟ್ಟು ಮೆತ್ತಿದ ಕೈಯಲ್ಲೇ ಬ್ರೀಹಿದಾ ಫೋನನ್ನು ತನ್ನಜ್ಜಿಯ ಹಳೇ ಗೆಳತಿ ದೋನ್ಯಾ ಕ್ರಿಸಾಂತಾಳ ಮೂಗಿನ ಹತ್ತಿರ ಹಿಡಿದಳು.

"ನೋಡಿ ಅಜ್ಜಿ, ನಿಮ್ಮ ಮಗರಾಯನ ಹೊಸ ಪ್ರತಾಪ! 'ನಮ್ಮಜ್ಜಿ ತಿಮೋತೆಯಾ ತಲೆ ಮೇಲೆ ಬುಟ್ಟಿ ಹೊತ್ತು ಅಟ್ಲಿಕ್ಸ್ಕೊ ಊರೆಲ್ಲ ಸುತ್ತಿ ಬನ್ನು ಮಾರ್ತಿದ್ದಳು.' ನಮ್ಮಜ್ಜಿಯಂತೆ! ನನ್ನಜ್ಜಿ ಇವನಿಗೆ ಯಾವಾಗ ಅಜ್ಜಿ ಆದಳು?"

ಮುದುಕಿ ಕಣ್ಣು ಕಿರಿದು ಮಾಡಿ ನೋಡಿ, ಮುಖ ಆ ಕಡೆ ತಿರುಗಿಸಿದಳು.

ತಿಮೋತೆಯಾ ಕಟ್ಟಿದ ಬೇಕರಿ ಅದು. ಅವಳು ತೀರಿಹೋದ ಮೇಲೆ ಒಲೆ ಮೊಮ್ಮಗಳು ಬ್ರೀಹಿದಾಳ ಪಾಲಿಗೆ ಬಂತು. ಕೆಳಗಿನ ಓಣಿಯ ಈ ಅಂಗಡಿ ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಅದಕ್ಕೇ ಬ್ರೀಹಿದಾ ಬ್ಲಾಗ್ ಶುರು ಮಾಡಿದ್ದಳು. ಸೋಂಪನ್ನು ಹೇಗೆ ಕುದಿಸಬೇಕು, ಕಿತ್ತಳೆ ಹೂವಿನ ನೀರು ಹಿಟ್ಟಿಗೆ ಯಾವಾಗ ಬೀಳಬೇಕು, ಒಲೆ ಮುನಿಸಿಕೊಂಡ ದಿನ ಅಜ್ಜಿ ಅದನ್ನು ಹೇಗೆ ಬೈಯುತ್ತಿದ್ದಳು, ಹೀಗೆ ವಾರಕ್ಕೊಂದು ಬರೆದಳು. ಓದಿದವರು ಪ್ವೆಬ್ಲಾ ನಗರದಿಂದ ಕಾರು ಮಾಡಿಕೊಂಡು ಬಂದು, ಆ ಬೈಗುಳದ ಒಲೆ ಯಾವುದು ಎಂದು ಕೇಳಿ, ಬನ್ನು ಕಟ್ಟಿಸಿಕೊಂಡು ಹೋಗುತ್ತಿದ್ದರು.

ಆಮೇಲೆ ಎಫ್ರಾಇನ್ ಗಂಟುಬಿದ್ದ. ಕ್ರಿಸಾಂತಾಳ ಮಗ. ಹಿಟ್ಟು ನಾದುವುದನ್ನು ತಿಮೋತೆಯಾಳ ಕೈಕೆಳಗೇ ಕಲಿತವನು, ಅವಳ ಮನೆಯ ಊಟ ಉಂಡವನು. ಚೌಕದಲ್ಲಿ ಗಾಜಿನ ಬಾಗಿಲಿನ ಅಂಗಡಿ ತೆರೆದ. ಬ್ರೀಹಿದಾ ಬರೆದದ್ದೆಲ್ಲ ಎರಡು ದಿನದಲ್ಲಿ ಅವನ ಪುಟದಲ್ಲಿ ಇರುತ್ತಿತ್ತು, ಅಂಗಡಿಯ ಹೆಸರು ಮಾತ್ರ ಬೇರೆ. ಊರಿಗೆ ಬಂದ ಕಾರುಗಳು ಚೌಕದಲ್ಲೇ ನಿಂತವು. ಕೇಳಲು ಹೋದವಳಿಗೆ ಅವನು ಗಿರಾಕಿಗಳ ಎದುರೇ ನಕ್ಕು, "ಆ ಒಲೆ ಮುಂದೆ ನಾನೂ ಬೆವರು ಸುರಿಸಿದವನೇ ತಾಯಿ. ತಗೋ, ಒಂದು ಬನ್ನು ತಿನ್ನು, ದುಡ್ಡು ಬೇಡ" ಎಂದಿದ್ದ. ಆ ಬನ್ನಿನ ಬಿಸಿ ಇನ್ನೂ ಅವಳ ಅಂಗೈಯಲ್ಲಿತ್ತು. ಈ ಸಲದ ಸತ್ತವರ ಹಬ್ಬದ ವ್ಯಾಪಾರವೂ ಕೈತಪ್ಪಿದರೆ ಅಜ್ಜಿಯ ಒಲೆ ಆರಿಸಿ ಬಾಗಿಲು ಹಾಕುವುದೊಂದೇ ದಾರಿ. ಅವನನ್ನು ಊರ ಮುಂದೆ ತಲೆ ತಗ್ಗಿಸಿ ನಿಲ್ಲಿಸದೆ ಬಾಗಿಲು ಹಾಕುವವಳಲ್ಲ ಎಂದು ಅವಳು ಅವತ್ತೇ ಹಲ್ಲು ಕಚ್ಚಿ ಅಂದುಕೊಂಡಿದ್ದಳು.

ದೋನ್ಯಾ ಕ್ರಿಸಾಂತಾ ಶಾಲಿನ ಮಡಿಕೆಯಿಂದ ಒಂದು ಹಳೇ ಫೋಟೊ ತೆಗೆದಳು. ಎರಡು ಜಡೆ, ತೋಳಿನ ತನಕ ಹಿಟ್ಟು, ಹಿಂದೆ ಇದೇ ಒಲೆ. ಹುಡುಗಿಯ ಎಡ ಹುಬ್ಬನ್ನು ಸೀಳಿದ ಒಂದು ಗಾಯದ ಗುರುತು.

"ನಾನೇ ಕಣೇ. ಮೇಕೆ ಹಾಯ್ದಿದ್ದು ಇದು. ನಾನೂ ನಿಮ್ಮಜ್ಜೀನೂ ಒಟ್ಟಿಗೆ ನಾದ್ತಿದ್ವಿ. ಇದನ್ನ ಹಾಕು ನಿನ್ನ ಬ್ಲಾಗಿಗೆ. ಕದಿಯೋಕೆ ಬರ್ತಾನಲ್ಲ, ನನ್ನ ಮುಖ ನೋಡ್ತಾನೆ. ನಾಚಿಕೆಯಾಗಿ ಓಡಿ ಬರ್ತಾನೆ ನನ್ನ ಹತ್ರ. ನಾನು ಮಗಳ ಮನೆ ಸೇರಿದ ಮೇಲೆ ಒಂದು ದಿನ ಇತ್ತ ತಲೆ ಹಾಕಿಲ್ಲ ಅವನು."

"ಗುರುತೇ ಸಿಗದಿದ್ರೆ?"

"ಹೆತ್ತವಳದ್ದಾ? ಬಾಯಿಗೆ ಬಂದಂಗೆ ಮಾತಾಡ್ಬೇಡ. ಚಿಕ್ಕೋನಿದ್ದಾಗ ಈ ಗಾಯ ಮುಟ್ಟಿ ಮುಟ್ಟಿ ನೋಡಿ ನಿದ್ದೆ ಮಾಡ್ತಿದ್ದ."

ಸಿಗದಿರಲಿ ದೇವರೇ, ಸಿಗದಿರಲಿ ಎಂದು ಬ್ರೀಹಿದಾ ಒಳಗೇ ಬೇಡಿಕೊಂಡಳು. ಫೋಟೊದ ಕೆಳಗೆ ಅವಳು ಯಾರ ಹೆಸರನ್ನೂ ಹಾಕಲಿಲ್ಲ. 'ಈ ಒಲೆಯ ಮುಂದೆ ನಾದಿದ ಕೈಗಳು' ಎಂದಷ್ಟೇ ಬರೆದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಮೂರನೇ ದಿನ ಅದೇ ಹುಡುಗಿ ಎಫ್ರಾಇನ್‌ನ ಪುಟದಲ್ಲಿ ನಗುತ್ತಿದ್ದಳು. 'ನಮ್ಮಜ್ಜಿ ತಿಮೋತೆಯಾ, ಹರೆಯದಲ್ಲಿ. ನವೆಂಬರ್ ಎರಡರಂದು ನಮ್ಮ ಅಂಗಡಿಯಲ್ಲಿ ಅವಳಿಗೆ ಎಡೆ. ಎಲ್ಲರೂ ಬನ್ನಿ.'

ಬ್ರೀಹಿದಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಬದುಕಿರುವವರ ಮುಖವನ್ನು ಎಡೆಗಿಡುವುದೇ! ತಮಾಷೆಗೆ ಹಾಗೆ ಮಾಡಿದ ಮಕ್ಕಳಿಗೂ ಆ ಊರಲ್ಲಿ ಕೆನ್ನೆಗೆ ಬೀಳುತ್ತದೆ. ಸಾವಿಗೆ ಮನೆ ತೋರಿಸಿಕೊಟ್ಟಂತೆ ಅದು. ಇವನು ಹೆತ್ತ ತಾಯಿಗೇ ತೋರಿಸಿಕೊಡಲು ಹೊರಟಿದ್ದ. ಬ್ಲಾಗಿಗೆ ಏನು ಬರೆಯಬೇಕೆಂದು ಅವಳು ಅಲ್ಲೇ ಯೋಚಿಸಿಟ್ಟಳು. ಒಂದೊಂದು ಮಾತೂ ಮೆಣಸಿನಕಾಯಿಯಂತಿತ್ತು.

"ನೋಡಿದನೇನೇ?" ಎಂದು ಮುದುಕಿ ದಿನಾ ಕೇಳುತ್ತಿದ್ದಳು.

"ನೋಡಿರ್ತಾನೆ ಅಜ್ಜಿ" ಎನ್ನುತ್ತಿದ್ದಳು ಬ್ರೀಹಿದಾ.

ಹಬ್ಬದ ದಿನ ಬೆಳಿಗ್ಗೆ, "ಬನ್ನಿ ಅಜ್ಜಿ, ಚೌಕಕ್ಕೆ ಹೋಗೋಣ" ಎಂದಳು. ಮುದುಕಿ ಒಳ್ಳೆಯ ಶಾಲು ಹೊದ್ದು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದಳು. "ಕರೆದನೇನೇ ನನ್ನನ್ನ?" ಎಂದಳು. ಬ್ರೀಹಿದಾ ಅವಳ ಕೈ ಹಿಡಿದು ನಡೆಸಿದಳು.

ಅಂಗಡಿ ತುಂಬಾ ಜನ, ಧೂಪದ ಹೊಗೆ. ಸತ್ತವರು ದಾರಿ ತಪ್ಪದಿರಲೆಂದು ಹೊಸ್ತಿಲಿಂದ ಎಡೆಯ ತನಕ ಚೆಂಡುಹೂವಿನ ಎಸಳು ಚೆಲ್ಲಿದ್ದರು. ದಾರಿಯ ಕೊನೆಗೆ ಆಳೆತ್ತರದ ಫೋಟೊ, ಮುಂದೆ ಬನ್ನು, ಮೇಣದ ದೀಪ. ಬಿಳಿ ಅಂಗಿ ತೊಟ್ಟ ಎಫ್ರಾಇನ್ ನಗರದವರ ಮುಂದೆ ಕಣ್ಣೊರೆಸಿಕೊಳ್ಳುತ್ತಿದ್ದ. "ಇವಳ ತೊಡೆ ಮೇಲೇ ನಾನು ಬೆಳೆದಿದ್ದು."

ಕ್ರಿಸಾಂತಾ ಹೊಸ್ತಿಲಲ್ಲಿ ನಿಂತಳು. ಫೋಟೊ ನೋಡಿದಳು, ದೀಪ ನೋಡಿದಳು. ಬ್ರೀಹಿದಾಳ ಹಿಡಿತದಿಂದ ಕೈ ಬಿಡಿಸಿಕೊಂಡಳು.

"ಅಯ್ಯೋ ದೇವರೇ!" ಹೂ ಮಾರುವವಳೊಬ್ಬಳು ಎದೆಯ ಮೇಲೆ ಶಿಲುಬೆ ಹಾಕಿಕೊಂಡಳು. "ಆ ಹುಬ್ಬು! ದೋನ್ಯಾ ಕ್ರಿಸಾಂತಾ ಅಲ್ವೇನ್ರೇ ಅದು? ಬದುಕಿರೋವಾಗ್ಲೇ ಎಡೆ ಇಟ್ಟಿದ್ದಾನಲ್ರೇ ಪಾಪಿ!"

ಗುಂಪು ಸರಕ್ಕನೆ ಸೀಳಿತು. ಎಫ್ರಾಇನ್ ತಿರುಗಿದ. ಬಾಗಿಲು ನೋಡಿದ, ಗೋಡೆಯ ಫೋಟೊ ನೋಡಿದ, ಮತ್ತೆ ಬಾಗಿಲು ನೋಡಿದ. ಮುಖ ಹಿಟ್ಟಿನ ಬಣ್ಣಕ್ಕೆ ತಿರುಗಿತು.

"ಅಮ್ಮಾ... ನೀನು ಯಾಕೆ ಬಂದೆ?"

"ಹೂವಿನ ದಾರಿ ಹಾಕಿ, ದೀಪ ಹಚ್ಚಿ ಕರೆದಿದ್ದೀಯಲ್ಲಪ್ಪಾ. ಬರದೆ ಇರ್ತೀನಾ?"

ಅವಳು ಎಸಳುಗಳ ಮೇಲೇ ನಿಧಾನವಾಗಿ ನಡೆದು ಹೋಗಿ ಎಡೆಯ ಪಕ್ಕದ ಕುರ್ಚಿಯಲ್ಲಿ ಕೂತಳು. ಅಲ್ಲಿದ್ದ ಬನ್ನು ಮುರಿದು ಬಾಯಿಗಿಟ್ಟಳು. ಅವಳು ಅಗಿಯುವುದನ್ನು ಅಷ್ಟು ಜನ ಉಸಿರು ಬಿಗಿಹಿಡಿದು ನೋಡಿದರು.

"ಸೋಂಪು ಸಾಲದು" ಎಂದಳು. "ತಿಮೋತೆಯಾ ಕಲಿಸಿದ್ದಳಲ್ಲೋ. ಅದನ್ನೂ ಮರೆತ್ಯಾ?"

ಕೊಳ್ಳಲು ಬನ್ನು ಎತ್ತಿಕೊಂಡಿದ್ದವರು ಒಬ್ಬೊಬ್ಬರಾಗಿ ಕೆಳಗಿಟ್ಟು ಹೊರಟರು. ಎಫ್ರಾಇನ್ ಫೋಟೊ ಇಳಿಸಲು ಕೈ ಚಾಚಿದ.

"ಬಿಡು. ಹೂ ಬಾಡೋ ತನಕ ಇರ್ಲಿ" ಎಂದಳು ತಾಯಿ.

ಬ್ರೀಹಿದಾ ಫೋನು ಎತ್ತಿದ್ದಳು. ಇಷ್ಟು ದಿನ ಕಾದದ್ದು ಇದಕ್ಕೇ. ತಲೆ ತಗ್ಗಿಸಿ ನಿಂತ ಎಫ್ರಾಇನ್, ಖಾಲಿಯಾದ ಅಂಗಡಿ, ಎಲ್ಲ ಚೌಕಟ್ಟಿನೊಳಗೆ ಸರಿಯಾಗಿ ಕೂತಿತ್ತು. ಬೆರಳು ಮಾತ್ರ ಒತ್ತಲೊಲ್ಲದು.

ಮುದುಕಿ ಅವಳ ಕಡೆ ತಿರುಗಿದಳು.

"ತೆಗಿಯೇ ಫೋಟೊ. ಅದಕ್ಕೇ ಅಲ್ವಾ ಕರ್ಕೊಂಡು ಬಂದಿದ್ದು?"

ಅವಳು ಶಾಲು ಸರಿಮಾಡಿಕೊಂಡು ನೆಟ್ಟಗೆ ಕೂತಳು. ಚೌಕಟ್ಟಿನಲ್ಲಿ ಎರಡು ಮುಖ, ಎರಡು ಸೀಳಿದ ಹುಬ್ಬು. ಬ್ರೀಹಿದಾ ಇನ್ನೂ ಒತ್ತದೆ ನಿಂತಿದ್ದಂತೆಯೇ ದೋನ್ಯಾ ಕ್ರಿಸಾಂತಾ ಬೆರಳಿಗೆ ಮೆತ್ತಿದ ಸಕ್ಕರೆಯನ್ನು ಲಂಗಕ್ಕೆ ಒರೆಸಿಕೊಂಡು, ಮುಂದಕ್ಕೆ ಬಾಗಿ, ತನ್ನ ಫೋಟೊದ ಮುಂದೆ ಉರಿಯುತ್ತಿದ್ದ ದೀಪದ ಬತ್ತಿಯನ್ನು ಎರಡು ಬೆರಳಲ್ಲಿ ಚಿವುಟಿ ಆರಿಸಿದಳು.