ನಮ್ಮ ಬೆಂಕಿಯ ಕರಿ ಗೆರೆ

ಗುಡ್ಡಕ್ಕೆ ಬೆಂಕಿ ಇಡುವ ಸಂಗತಿಯನ್ನು ಭೂಪತಿಯೇ ಕಾಲೇಜಿನವರಿಗೆ ಹೇಳಿದ್ದು. ಯಾರೂ ಕೇಳಿರಲಿಲ್ಲ. ಹೆಮ್ಮೆಗೆ ಹೇಳಿದ್ದು.

ತಮಿಳುನಾಡಿನ ಮೇಚೇರಿ ಸೀಮೆಯ ಆ ಬೋಳು ಗುಡ್ಡದ ಬುಡದಲ್ಲಿ, ಮಣ್ಣಿನ ಹಳೇ ಕಥೆ ಓದುತ್ತೇವೆ ಎಂದು ಕಾಲೇಜಿನವರು ಆಳೆತ್ತರದ ಗುಂಡಿ ತೋಡಿದ್ದರು. ಇಂದುಜಾ ಎನ್ನುವ ಮೇಡಂ ಅವರಿಗೆ ಮುಂದಾಳು. ಗುಂಡಿಯ ಗೋಡೆಯಲ್ಲಿ ಕೆಮ್ಮಣ್ಣಿನ ನಡುನಡುವೆ ಕರಿ ಗೆರೆಗಳು ಕಂಡವು. ಇದೇನಿರಬಹುದು ಎಂದು ಅವರು ತಮ್ಮತಮ್ಮಲ್ಲೇ ತಮಿಳಿನಲ್ಲಿ ಮಾತಾಡಿಕೊಳ್ಳುವಾಗ, ಅಲ್ಲೇ ಕುರಿ ಮೇಯಿಸುತ್ತಿದ್ದ ಭೂಪತಿ ಬಾಯಿ ಹಾಕಿದ. ಅದು ನಮ್ಮವರ ಬೆಂಕಿ ಮೇಡಂ ಅಂದ. ಮೊದಲ ಮಳೆಗೆ ಮುಂಚೆ ಒಣಹುಲ್ಲು ಸುಟ್ಟರೆ ಎಳೆಹುಲ್ಲು ಚಿಗುರುತ್ತದೆ, ಕುರಿಗಳು ಅದಕ್ಕೆ ಜೀವ ಬಿಡುತ್ತವೆ, ನಮ್ಮ ಮುತ್ತಾತನ ಮುತ್ತಾತನೂ ಸುಟ್ಟವನೇ. ಇವರು ಇಲ್ಲಿ ಇಷ್ಟು ಹಳಬರು ಎಂದು ಓದಿದವರು ಬರೆದುಬಿಟ್ಟರೆ ಗುಡ್ಡ ನಮ್ಮ ಕೈಬಿಟ್ಟು ಹೋಗುವುದಿಲ್ಲ ಎಂಬ ಎಣಿಕೆ ಅವನದು. ಇಂದುಜಾ ಅವನ ಮಾತನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಳು.

ಮರುವರ್ಷ ಫಾರೆಸ್ಟಿನವರು ಬಂದರು. ಬೆಂಕಿಯಿಂದಲೂ ಕುರಿ ತುಳಿತದಿಂದಲೂ ಮೇಲ್ಮಣ್ಣು ಕೊಚ್ಚಿಹೋಗಿ ಗುಡ್ಡ ಕೊರಕಲು ಬಿದ್ದಿದೆ, ಕಾಲೇಜಿನ ಸೈಂಟಿಸ್ಟುಗಳೇ ಹೇಳಿದ್ದಾರೆ, ಇನ್ನು ಒಂದು ಕುರಿಯೂ ಮೇಲೆ ಹತ್ತಕೂಡದು ಎಂದರು. ವಾರದೊಳಗೆ ತಂತಿ ಬೇಲಿ ಬಿತ್ತು.

ಸೋದರತ್ತೆ ಗುಂಡಮ್ಮ ಎದುರಿಗೇ ಅಂದಳು: "ಗುಡ್ಡ ಬಾಯಿ ಬಿಟ್ಟಿರ್ಲಿಲ್ಲ ಕಣ್ಲಾ. ನೀನು ಬಿಟ್ಟೆ."

ಭೂಪತಿಗೆ ಮೈಯೆಲ್ಲ ಉರಿಯಿತು. ಗುಡ್ಡದ ಬೆನ್ನಿಗೆ ಹೋಗಿ ನೋಡಬೇಕು. ಕಲ್ಲು ಕ್ವಾರಿ ಅರ್ಧ ಗುಡ್ಡ ನುಂಗಿ ಕೂತಿದೆ. ಅವನು ಹುಟ್ಟಿದಾಗ ಇದ್ದ ನೆತ್ತಿ ಈಗ ಯಾವ ಊರಿನ ಬೈಪಾಸಿನ ಅಡಿಗೆ ಜಲ್ಲಿಯಾಗಿ ಬಿದ್ದಿದೆಯೋ. ಆ ಕಡೆಗೆ ಬೇಲಿಯಿಲ್ಲ, ಗೇಟು ಮಾತ್ರ, ಅದೂ ಲಾರಿ ಬಂದರೆ ತೆರೆದುಕೊಳ್ಳುತ್ತದೆ. ಇಂದುಜಾಳಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದ. ಅವಳು ಕಟ್ ಮಾಡಲಿಲ್ಲ. ಬೇಲಿ ಹಾಕಿ ಅಂತ ನಾವು ಬರೆಯಲಿಲ್ಲ, ಮಳೆಯ ವರಸೆ ಬದಲಾದದ್ದನ್ನೂ ಬರೆದಿದ್ದೆವು, ಅವರಿಗೆ ಬೇಕಾದಷ್ಟನ್ನು ಓದಿಕೊಂಡರು ಎಂದಳು.

ಹಾಗಾದರೆ ಕ್ವಾರಿಯ ವಿಷಯ ಯಾಕೆ ಬರೆಯಲಿಲ್ಲ ಎಂದು ಕೇಳಿದ.

ಅವಳು ಅಂದಳು: "ನಾವು ಓದೋದು ಮಣ್ಣಿನ ಪದರಗಳನ್ನ, ತಂಬಿ. ನಿಮ್ಮ ಬೆಂಕಿ ಕರಿ ಗೆರೆ ಬಿಟ್ಟುಹೋಗಿತ್ತು. ಕ್ವಾರಿ ಓದೋದಕ್ಕೆ ಏನನ್ನೂ ಬಿಟ್ಟಿಲ್ಲ."

ಹಟ್ಟಿಯಲ್ಲಿ ಕುರಿಗಳು ಹೊಟ್ಟೆಗಿಲ್ಲದೆ ಅರಚುತ್ತಿದ್ದವು. ರಸ್ತೆ ಬದಿಯ ಜಾಲಿ ಸೊಪ್ಪು ಕಡಿದು ತಂದು ಎಷ್ಟು ದಿನ ಹಾಕುವುದು? ಬೇಲಿ ಬಿದ್ದಾಗಿನಿಂದ ಮಾತು ಬಿಟ್ಟಿದ್ದ ಅಪ್ಪ ದೊಡ್ಡಣ್ಣ ಆ ಸಂಜೆ ಬಾಯಿ ತೆರೆದ.

"ನಾವು ಸುಟ್ಟಿದ್ದೂ ನಿಜ. ಆಯಮ್ಮ ಬರ್ದಿದ್ದೂ ನಿಜ. ಸುಳ್ಳು ಏಳಿದ್ದು ಯಾರ್ಲಾ ಮತ್ತೆ? ಓಗಿ ಯಾರನ್ನ ಬಡೀಲಿ ನಾನು?"

ಅಪ್ಪ ಕುರಿ ವ್ಯಾಪಾರಿ ಪಳನಿಗೆ ಹೇಳಿಕಳಿಸಿದ.

ಬೆಳಿಗ್ಗೆ ಟೆಂಪೋ ಬಂತು. ಹಟ್ಟಿಯ ಬಾಗಿಲು ತೆರೆದದ್ದೇ ತಡ, ಕುರಿಗಳು ರೂಢಿಯಂತೆ ಗುಡ್ಡದ ದಾರಿ ಹಿಡಿದವು. ಭೂಪತಿ ಓಡಿ ಹೋಗಿ ಬೇಲಿಯ ಹತ್ತಿರ ಅವನ್ನು ಅಡ್ಡಗಟ್ಟಿದ. ತಂತಿಗೆ ಮೂತಿ ಒತ್ತಿ ನಿಂತಿದ್ದವುಗಳನ್ನು ಒಂದೊಂದಾಗಿ ಹಿಂಗಾಲು ಹಿಡಿದು ಟೆಂಪೋ ಕಡೆಗೆ ಎಳೆದ.