ಮೊದಲ ಬುಧವಾರದ ನಾಲ್ವರು

“ಏಳ್ರೀ ಮೇಲೆ!” ತಂಗಿ ಆ ಮನುಷ್ಯನ ತೋಳಿಗೆ ಕೈಹಾಕಿ ಎಳೆದಳು.

ಧ್ಯಾನಮಂದಿರದ ಹಜಾರದಲ್ಲಿ ಅವಳ ಅಕ್ಕನನ್ನು ಮಲಗಿಸಿದ್ದರು. ಅವನು ಸ್ಟೂಲೊಂದನ್ನು ಹೆಣದ ತಲೆಯ ಹತ್ತಿರಕ್ಕೆ ಎಳೆದುಕೊಂಡು, ಬಗ್ಗಿ, ಪಿಸುದನಿಯಲ್ಲಿ ಏನನ್ನೋ ಹೇಳುತ್ತಲೇ ಇದ್ದ. ಪ್ರಾರ್ಥನೆಯಿರಬೇಕೆಂದು ತಂಗಿ ಮೊದಲು ಸುಮ್ಮನಿದ್ದಳು. ಹೊದಿಕೆ ಸರಿಪಡಿಸಲು ಹತ್ತಿರ ಹೋದಾಗ “ಅದಕ್ಕೆ ನಮ್ಮತ್ತೆ ಏನಂದ್ರು ಗೊತ್ತಾ ಅಮ್ಮಾ” ಎಂಬ ಮಾತು ಕಿವಿಗೆ ಬಿತ್ತು.

“ಎರಡೇ ನಿಮಿಷ ಮೇಡಂ,” ಎಂದ ಅವನು. “ಮೊನ್ನೆ ಅರ್ಧಕ್ಕೇ ನಿಂತೋಯ್ತು. ಉಳಿದಿದ್ದು ಹೇಳಿ ಮುಗಿಸ್ಬಿಡ್ತೀನಿ.”

ಮೊನ್ನೆ ಅಂದರೆ ಅಕ್ಕ ಸತ್ತ ದಿನ. ಅಕ್ಕ ಕಣ್ಣು ಮುಚ್ಚಿಕೊಂಡು ಕೇಳುವವಳು. ಕುರ್ಚಿಯಲ್ಲಿ ಕೂತಂತೆಯೇ ಅವಳ ಉಸಿರು ನಿಂತದ್ದು ಎದುರಿಗಿದ್ದವನಿಗೆ ತಿಳಿಯಲು ಕಾಲುಗಂಟೆ ಹಿಡಿಯಿತಂತೆ. ಆ ಎದುರಿಗಿದ್ದವನು ಇವನೇ.

“ಸತ್ತ ಮೇಲೂ ಕಾಲುಗಂಟೆ ಕೇಳಿದಾಳಲ್ಲ, ಸಾಲ್ದಾ ನಿಮಗೆ?” ತಂಗಿ ಸ್ಟೂಲನ್ನೆತ್ತಿ ಗೋಡೆಯ ಬದಿಗೆ ಎಸೆದಳು. ಹಜಾರಕ್ಕೆ ಹಜಾರವೇ ತಿರುಗಿ ನೋಡಿತು.

ತಂಗಿ ಹೊಲಿಗೆ ಮೆಷಿನ್ ರಿಪೇರಿ ಮಾಡುವವಳು. ಮಾತು ಕಡಿಮೆ, ಕೈ ಒರಟು. ಅಕ್ಕ ಮೂವತ್ತು ವರ್ಷ ಅಂಚೆಕಚೇರಿಯಲ್ಲಿ ಕಾಗದ ವಿಂಗಡಿಸಿ, ನಿವೃತ್ತಿಯಾದ ಮೇಲೆ ಇಲ್ಲಿ ಆತ್ಮಮಾರ್ಗದರ್ಶಕಿಯಾದವಳು. ಹೆಸರೇನೋ ದೊಡ್ಡದು. ಕೆಲಸ ಇಷ್ಟೇ: ದೇವರು ಕೈಬಿಟ್ಟನೆಂದು ಅಳುತ್ತ ಬಂದವರ ಎದುರು ಕೂತು, ಅವರ ದಾರಿ ಅವರಿಗೇ ಕಾಣುವ ತನಕ ಕೇಳಿಸಿಕೊಳ್ಳುವುದು. ಹನ್ನೊಂದು ವರ್ಷ ಕೇಳಿಸಿಕೊಂಡಳು.

ಧ್ಯಾನಮಂದಿರದ ಹಿರಿಯರು ಎದ್ದು ನಿಂತು ಮಾತಾಡಿದರು. “ಆಯಾಸ ಅನ್ನೋದೇ ಅವರಿಗೆ ಗೊತ್ತಿರ್ಲಿಲ್ಲ. ಬತ್ತದ ಬಾವಿ ಅವರು.”

ಜನ ತಲೆದೂಗಿದರು. ಒಬ್ಬ ಹೆಂಗಸು ತಂಗಿಯ ಕೈ ಹಿಡಿದುಕೊಂಡು, “ನನ್ನ ಮನಸ್ಸಿನ ಮೂಲೆಮೂಲೆಯೂ ಅಮ್ಮಂಗೆ ಗೊತ್ತಿತ್ತು ಕಣ್ರೀ,” ಎಂದು ಬಿಕ್ಕಿದಳು.

“ಅವಳಿಗೆ ಎಡಗಿವಿ ಕೇಳಿಸ್ತಿರ್ಲಿಲ್ಲ. ಅದು ನಿಮಗೆ ಗೊತ್ತಿತ್ತಾ?”

ಹೆಂಗಸು ಬಿಕ್ಕುವುದನ್ನು ಮರೆತು ಪಿಳಿಪಿಳಿ ನೋಡಿದಳು.

“ಇಸ್ಪೀಟಲ್ಲಿ ಮೋಸ ಮಾಡ್ತಿದ್ಲು. ಸಿಕ್ಕಿಬಿದ್ರೆ ನನ್ನ ಮೇಲೇ ರೇಗೋಳು. ಅದಾದ್ರೂ ಗೊತ್ತಿತ್ತಾ?”

“ಛೆ, ಇಂಥ ಹೊತ್ತಲ್ಲಿ ಇದೆಂಥ ಮಾತಮ್ಮ,” ಎಂದು ಪಕ್ಕದಲ್ಲಿದ್ದವರು ಯಾರೋ ಗೊಣಗಿದರು.

* * *

ಆ ಹನ್ನೊಂದು ವರ್ಷವೂ ಸಂಜೆ ಮನೆಗೆ ಬಂದೊಡನೆ ಅಕ್ಕ ಬಚ್ಚಲುಮನೆ ಹೊಕ್ಕು, ಚಿಲಕ ಹಾಕಿಕೊಂಡು ನಲ್ಲಿ ಬಿಡುತ್ತಿದ್ದಳು. ಬಕೆಟ್ಟು ತುಂಬಿ ಹರಿದರೂ ನಲ್ಲಿ ನಿಲ್ಲುತ್ತಿರಲಿಲ್ಲ. ಹೊರಗೆ ಬಂದಾಗ ಕಣ್ಣು ಕೆಂಪಗಿರುತ್ತಿತ್ತು. ಕೇಳಿದ್ದನ್ನು ಹೊರಗೆ ಆಡುವಂತಿಲ್ಲ, ಒಡಹುಟ್ಟಿದವಳ ಹತ್ತಿರವೂ.

“ಊರಿನ ಕಣ್ಣೀರೆಲ್ಲ ನಿನ್ನ ಹೊಟ್ಟೆಗೆ. ನಿಂದನ್ನ ಯಾರು ಕೇಳ್ತಾರೆ?” ತಂಗಿ ಒಮ್ಮೆ ರೇಗಿದ್ದಳು.

“ಅದಕ್ಕೂ ದಾರಿ ಮಾಡ್ಕೊಂಡಿದೀವಿ ಕಣೇ. ನಾವು ನಾಲ್ಕು ಜನ ಮಾರ್ಗದರ್ಶಕರು ತಿಂಗಳ ಮೊದಲ ಬುಧವಾರ ಸೇರ್ತೀವಿ. ಬೇರೆ ಯಾರನ್ನೂ ಒಳಗೆ ಬಿಡಲ್ಲ. ಅವತ್ತು ನಮ್ಮದೇ ಅಳು, ನಮ್ಮದೇ ಅನುಮಾನ. ಒಬ್ಬರದನ್ನ ಒಬ್ಬರು ಕೇಳ್ತೀವಿ.”

ಆ ಬುಧವಾರಗಳಂದು ಅಕ್ಕ ಹಗುರವಾಗಿ ಬರುತ್ತಿದ್ದಳು. ಇಸ್ಪೀಟಿನ ಕಟ್ಟನ್ನು ತಾನೇ ತೆಗೆಯುತ್ತಿದ್ದಳು. ಬರಬರುತ್ತ ಬುಧವಾರವೂ ನಲ್ಲಿಯ ಸದ್ದು ಕೇಳತೊಡಗಿತು.

ಅಂಥದೊಂದು ಬುಧವಾರ ಅಕ್ಕ ಮರೆತುಹೋದ ಕನ್ನಡಕ ಕೊಡಲು ತಂಗಿ ಧ್ಯಾನಮಂದಿರಕ್ಕೆ ಹೋದಳು. ಕೊನೆಯ ಕೋಣೆಯಲ್ಲಿ ನಾಲ್ಕು ಕುರ್ಚಿಗಳನ್ನು ದುಂಡಗೆ ಹಾಕಿತ್ತು. ಮೇಜಿನ ಮೇಲೆ ನಾಲ್ಕು ಲೋಟ ನೀರು. ಅಕ್ಕ ಒಬ್ಬಳೇ ಕೂತಿದ್ದಳು.

“ಉಳಿದೋರೆಲ್ಲಿ?”

“ಬರ್ತಾರೆ. ಏನೋ ಕೆಲಸ ಇರುತ್ತೆ ಪಾಪ.”

“ಹೋದ ತಿಂಗಳು ಬಂದಿದ್ರಾ?”

ಅಕ್ಕ ಕನ್ನಡಕ ಒರೆಸುತ್ತ ಕೂತಳು. ಬಿಡದೆ ಕೇಳಿದ ಮೇಲೆ ಬಾಯಿಬಿಟ್ಟಳು: ಮೂವರಲ್ಲಿ ಒಬ್ಬರೂ ಬರದೆ ಒಂದೂವರೆ ವರ್ಷವಾಗಿತ್ತು.

“ಮತ್ತೆ ನೀನೊಬ್ಬಳೇ ಯಾಕೆ ಬಂದು ಕೂರ್ತೀಯಾ?”

“ಯಾರಾದ್ರೂ ತಡೀಲಾರ್ದೆ ಬಂದ್ರೆ? ಬಂದಾಗ ಬಾಗಿಲು ಹಾಕಿರ್ಬಾರ್ದಲ್ಲ.”

ಅವತ್ತು ಸಂಜೆ ಅಕ್ಕ ಅಂಗಡಿಗೆ ಬಂದು ತಂಗಿಯ ಪಕ್ಕ ನಿಂತಳು. “ಏ, ಈಚೆಗೆ ನಂಗೆ ಒಳಗೆ ಏನೂ ಇಲ್ಲ ಅನ್ಸುತ್ತೆ ಕಣೇ. ಪ್ರಾರ್ಥನೆಗೆ ಕೂತ್ರೆ ಬರೀ ಗೋಡೆ.” ತಂಗಿ ಮೆಷಿನ್ನಿನ ತಳ ಬಿಚ್ಚಿಕೊಂಡಿದ್ದಳು. “ನಾಳೆ ಹೇಳೇ, ಸ್ಕ್ರೂ ಕಳೆದೋಗುತ್ತೆ,” ಎಂದಳು. ಮಾರನೆಯ ದಿನ ಅಕ್ಕ ಹೇಳಲಿಲ್ಲ. ತಂಗಿ ಕೇಳಲೂ ಇಲ್ಲ.

* * *

ಸ್ಮಶಾನದಲ್ಲಿ ಮಣ್ಣು ಮುಚ್ಚಿದ್ದಾಯಿತು, ಜನ ಚದುರಿದರು. ಗೇಟಿನ ಹತ್ತಿರ ಬುಧವಾರದ ಉಳಿದ ಮೂವರು ನಿಂತಿದ್ದರು: ಹಿರಿಯರು, ಹಿಂದೆ ಶಾಲೆಯಲ್ಲಿ ಪಾಠ ಮಾಡುತ್ತಿದ್ದ ಮೇಷ್ಟ್ರು, ಆಸ್ಪತ್ರೆಯ ಕೆಲಸ ಬಿಟ್ಟು ಬಂದ ನರ್ಸಮ್ಮ. ಹಿರಿಯರ ಕೈಯಲ್ಲಿ ಡೈರಿ ತೆರೆದಿತ್ತು.

“ಅವರ ಹತ್ರ ಬರ್ತಿದ್ದೋರು ಹದಿನಾಲ್ಕು ಜನ. ಸೋಮವಾರದೋರನ್ನ ನೀವು ನೋಡ್ಕೊಳ್ಳಿ ಮೇಷ್ಟ್ರೇ. ಗುರುವಾರದೋರು ನರ್ಸಮ್ಮಂಗೆ.”

“ನಂಗೆ ಈಗಾಗ್ಲೇ ಇಪ್ಪತ್ತು ಜನ ಇದಾರೆ,” ಎಂದಳು ನರ್ಸಮ್ಮ, ನೆಲ ನೋಡುತ್ತ.

“ಹೇಗೋ ಹೊಂದಿಸ್ಕೊಳ್ಳಮ್ಮ. ಸೇವೆ ಅಲ್ವಾ.”

ತಂಗಿಗೆ ಮೈಯೆಲ್ಲ ಉರಿದುಹೋಯಿತು. ಡೈರಿಯನ್ನು ಅವರ ಕೈಯಿಂದ ಕಿತ್ತುಕೊಂಡಳು.

“ಅವಳ ಮೇಲಿನ ಮಣ್ಣು ಇನ್ನೂ ಆರಿಲ್ಲ, ಆಗ್ಲೇ ಈ ನರ್ಸಮ್ಮಂಗೆ ಗುಂಡಿ ತೋಡ್ತಿದೀರಾ? ಒಂದೂವರೆ ವರ್ಷ ಅವಳು ನಾಲ್ಕು ಲೋಟ ನೀರಿಟ್ಕೊಂಡು ನಿಮ್ಮ ದಾರಿ ನೋಡಿದ್ಲು. ಎಲ್ಲಿ ಹಾಳಾಗಿ ಹೋಗಿದ್ರಿ ಮೂರು ಜನಾನೂ?”

“ನೋಡಮ್ಮ, ನೀನೀಗ ದುಃಖದಲ್ಲಿದೀಯಾ…” ಹಿರಿಯರು ಶುರುಮಾಡಿದರು.

“ದುಃಖ ಅಲ್ಲ ಸ್ವಾಮಿ, ಸಿಟ್ಟು. ಎರಡಕ್ಕೂ ವ್ಯತ್ಯಾಸ ತಿಳೀದೆ ಜನಕ್ಕೆ ಅದೇನು ದಾರಿ ತೋರಿಸ್ತೀರಿ?”

“ನಾನು ಬೇಕಂತಲೇ ತಪ್ಪಿಸ್ಕೊಂಡೆ,” ಎಂದರು ಮೇಷ್ಟ್ರು, ತಟ್ಟನೆ. “ಎರಡು ವರ್ಷದಿಂದ ನಂಗೆ ಪ್ರಾರ್ಥನೆ ಬಾಯಿಗೇ ಬರ್ತಿಲ್ಲ. ಬಂದೋರಿಗೆಲ್ಲ ದೇವರು ಇದಾನೆ ಅಂತೀನಿ. ನನ್ನೊಳಗೆ ಖಾಲಿ. ಆ ಕೋಣೇಲಿ ಕೂತ್ರೆ ಹೇಳ್ಬೇಕಾಗುತ್ತಲ್ಲ ಅಂತ ಹೆದರಿದೆ.”

“ಅದನ್ನ ಹೇಳೋಕೇ ತಾನೇ ಆ ಕೋಣೆ ಇದ್ದಿದ್ದು? ಅವಳೂ ಅದನ್ನೇ ಹೇಳೋಕೆ ಕಾಯ್ತಿದ್ಲು!” ತಂಗಿ ಡೈರಿಯನ್ನು ಕಂಕುಳಿಗೆ ತುರುಕಿದಳು. “ನೀವು ಬರ್ಲಿಲ್ಲ ಅಂತ ನನ್ನ ಹತ್ರ ಬಂದ್ಲು. ನಾನು ಸ್ಕ್ರೂ ನೋಡ್ತಾ ಕೂತೆ. ನಿಮ್ಮನ್ನ ಬೈಯೋ ಯೋಗ್ಯತೆ ನಂಗಿಲ್ಲ. ಆದ್ರೂ ಬೈತೀನಿ.”

ನರ್ಸಮ್ಮ ಗೇಟಿನ ಕಲ್ಲಿನ ಮೇಲೆ ಕುಸಿದು ಕೂತಳು. ತಂಗಿ ಅವಳನ್ನೇ ನೋಡಿದಳು. ಸಿಟ್ಟು ಇಳಿಯಲಿಲ್ಲ, ಆದರೆ ಮುಂದೇನೆಂಬುದು ಗೊತ್ತಾಯಿತು.

“ನಡೀರಿ ನನ್ನ ಅಂಗಡಿಗೆ. ಮೂರೂ ಜನ. ಇವತ್ತೇ ನಿಮ್ಮ ಬುಧವಾರ.”

“ಮೂರು ಗಂಟೆಗೆ ಒಬ್ಬರು ಬರೋರಿದಾರೆ,” ಎಂದರು ಹಿರಿಯರು.

“ಕಾಯ್ಲಿ.”

ಡೈರಿ ಅವಳ ಕಂಕುಳಲ್ಲಿದ್ದುದರಿಂದ ಹಿರಿಯರೂ ಹಿಂದೆ ಬಂದರು.

ಅಂಗಡಿ ಎರಡು ಬೀದಿ ಆಚೆಗಿತ್ತು. ಬಿಚ್ಚಿಟ್ಟ ಮೆಷಿನ್ನುಗಳ ನಡುವೆ ಜಾಗ ಮಾಡಿ ಮೂವರನ್ನೂ ಕೂರಿಸಿ, ತಂಗಿ ಶಟರನ್ನು ನೆಲದ ತನಕ ಎಳೆದಳು. ಒಳಗೆ ಎಣ್ಣೆಯ ವಾಸನೆ, ಒಂದೇ ಬಲ್ಬು. ಇಷ್ಟು ವರ್ಷ ಊರಿನವರ ಮಾತು ಕೇಳಿದ ಮೂವರೂ ಯಾರು ಮೊದಲು ಹೇಳಬೇಕೆಂದು ಒಬ್ಬರ ಮುಖ ಒಬ್ಬರು ನೋಡಿದರು.

ಹೊರಗಿನಿಂದ ಯಾರೋ ಶಟರು ಬಡಿದರು. “ನರ್ಸಮ್ಮ ಒಳಗಿದಾರಾ? ಈ ಕಡೆ ಬಂದ್ರಂತೆ. ಸ್ವಲ್ಪ ಅರ್ಜೆಂಟಿತ್ತು.”

ನರ್ಸಮ್ಮ ಅಭ್ಯಾಸಬಲದಿಂದ ಎದ್ದಳು. ತಂಗಿ ಅವಳ ಹೆಗಲು ಅದುಮಿ ಕೂರಿಸಿದಳು.

“ಇಲ್ಲಾ!” ಎಂದು ಕಿರುಚಿದಳು ಹೊರಗಿನವರಿಗೆ.

ಬಡಿತ ನಿಲ್ಲಲಿಲ್ಲ. ತಂಗಿ ಶಟರಿಗೆ ಬೆನ್ನು ಕೊಟ್ಟು ನಿಂತಳು. ನರ್ಸಮ್ಮ ತನ್ನ ಅಂಗೈಗಳನ್ನೇ ನೋಡುತ್ತ, ಎಲ್ಲಿಂದ ಶುರುಮಾಡಲಿ ಎಂದು ಕೇಳಿದಳು. ಉತ್ತರಕ್ಕೆ ಕಾಯದೆ ತನ್ನದನ್ನು ಹೇಳತೊಡಗಿದಳು. ಹೊರಗಿನ ಏಟಿಗೆ ತಗಡು ಅದುರಿದಾಗಲೆಲ್ಲ ತಂಗಿಯ ಬೆನ್ನೂ ಅದುರುತ್ತಿತ್ತು. ಅವಳು ಎರಡೂ ಕಾಲನ್ನು ನೆಲಕ್ಕೆ ಇನ್ನಷ್ಟು ಬಲವಾಗಿ ಊರಿದಳು.